ಅತ್ತಿಗೆಯ ಬಾಯಿಂದಲೇ

ನಮ್ಮ ಅತ್ತಿಗೆ ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರಲ್ಲ, ಆ ಅಚ್ಚಿನಿಂದ ಹಲ್ಲಿನ ಸೆಟ್ಟು ಕಟ್ಟಿಕೊಡುವ ಒಂದು ಸಣ್ಣ ಲ್ಯಾಬು ಇದೆ. ಅಲ್ಲಿ ಕಿಟಕಿ ಪಕ್ಕದ ಮೇಜು ಅವಳದು. ಅಚ್ಚಿಗೆ ಪ್ಲಾಸ್ಟರ್ ಕಲಸಿ ಹೊಯ್ಯುತ್ತಾಳೆ, ಗಟ್ಟಿಯಾದ ಮೇಲೆ ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ಕಟ್ಟುತ್ತಾಳೆ, ಅದರಲ್ಲಿ ಒಂದೊಂದೇ ಹಲ್ಲು ಊರುತ್ತಾಳೆ, ಮೇಲಿನದು ಕೆಳಗಿನದು ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ತಿರುಗಿಸಿ ತಿರುಗಿಸಿ ನೋಡುತ್ತಾಳೆ. ಬೊಚ್ಚುಬಾಯಿಯವರು ಅವಳು ಕಟ್ಟಿದ ಹಲ್ಲು ಹಾಕಿಕೊಂಡು ಊರೆಲ್ಲ ಹರಟೆ ಹೊಡೆಯುತ್ತ ತಿರುಗುತ್ತಾರೆ. ಅವಳ ಮಾತು ಮಾತ್ರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅತ್ತಿಗೆಗೆ ಉಗ್ಗು.

ಉಗ್ಗು ಎಂದರೆ ಸಿನಿಮಾದಲ್ಲಿ ಜನರನ್ನು ನಗಿಸಲು ಮಾಡುತ್ತಾರಲ್ಲ, ಆ ತರಹದ್ದಲ್ಲ. ಅದನ್ನು ನೋಡಿ ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳದು ಸದ್ದಿಲ್ಲದ ಉಗ್ಗು. ಬಾಯಿ ತೆರೆಯುತ್ತದೆ, ದವಡೆ ಬಿಗಿಯುತ್ತದೆ, ಕತ್ತಿನ ನರ ಉಬ್ಬುತ್ತದೆ, ಮಾತು ಬರುವುದಿಲ್ಲ. ಕಾದರೆ ಬರುತ್ತದೆ. ಒಮ್ಮೊಮ್ಮೆ ಒಂದು ಮಾತಿಗೆ ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯುತ್ತದೆ, ಆದರೆ ಬರುತ್ತದೆ. ಕಾಯುವವರು ಯಾರು ಹೇಳಿ? ಅವಳು ಶಾಲೆಯಲ್ಲಿದ್ದಾಗ ಎಲ್ಲರೂ ಸಾಲಾಗಿ ಪಾಠ ಓದುವಾಗ ಟೀಚರು ಅವಳ ಸರದಿ ಬಂದರೆ ಮೆಲ್ಲಗೆ ಪಕ್ಕದವಳ ಕಡೆ ಕೈ ತೋರಿಸುತ್ತಿದ್ದರಂತೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಹಾಗೆ ಹತ್ತು ವರ್ಷ ಓದಿದವಳು ಒಂದು ದಿನವೂ ಗಟ್ಟಿಯಾಗಿ ಓದಲಿಲ್ಲ. ಲ್ಯಾಬಿನವರು ಅವಳಿಗೆ ಮೌನಮ್ಮ ಅಂತ ಹೆಸರಿಟ್ಟಿದ್ದಾರೆ. ಮೌನವೂ ಇಲ್ಲ, ಮಣ್ಣೂ ಇಲ್ಲ. ಅವಳೊಳಗೆ ಮಾತು ತುಂಬಿ ತುಳುಕುತ್ತದೆ.

ಇನ್ನು ನಮ್ಮಣ್ಣ. ಅವನು ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದಲ್ಲಿ ಕೂರುತ್ತಾನೆ. ಅವನ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಒತ್ತುವ ಮೊದಲೇ ಇವನು ಒತ್ತಿಬಿಡುತ್ತಾನೆ ಎಂದು ಅವನಿಗೆ ಬ್ರೇಕ್ ಮೇಷ್ಟ್ರು ಅಂತಲೇ ಹೆಸರು. ಬಸ್ಸಿನಲ್ಲಿ ಕೂತರೂ ಅವನ ಬಲಗಾಲು ಸುಮ್ಮನಿರುವುದಿಲ್ಲ. ಕಾಲಾದರೂ ಆಗಾಗ ಬಿಡುವು ತಗೊಳ್ಳುತ್ತದೆ, ಬಾಯಿ ಅದನ್ನೂ ತಗೊಳ್ಳುವುದಿಲ್ಲ. ನಮ್ಮ ಮನೆಯವರಿಗೆಲ್ಲ ಬಾಯಿ ಜಾಸ್ತಿಯೇ. ನಾನು ಕೂದಲು ಕತ್ತರಿಸುವ ಅಂಗಡಿ ಇಟ್ಟಿರುವವಳು; ಕತ್ತರಿ ನಿಂತರೂ ನನ್ನ ನಾಲಿಗೆ ನಿಲ್ಲುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಾರೆ. ಆದರೆ ಅಣ್ಣನ ಮುಂದೆ ನಾನು ಏನೂ ಅಲ್ಲ.

ಅವನನ್ನು ಅವಳು ಒಪ್ಪಿದ್ದೇ ಆ ಬಾಯಿ ನೋಡಿ. ಮೊದಲ ಸಲ ಭೇಟಿಯಾದಾಗ ಅಣ್ಣ ಇಬ್ಬರ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸಿದ. ಅವಳು ಏನೋ ಹೇಳಲು ಹೋಗಿ ಸಿಕ್ಕಿಕೊಂಡಾಗ ಉಳಿದದ್ದನ್ನು ಅವನೇ ಹೇಳಿದ. ನಗಲಿಲ್ಲ, ಬೇರೆಡೆ ನೋಡಲಿಲ್ಲ, ಸುಮ್ಮನೆ ಹೇಳಿದ. ಅವತ್ತು ಅವಳಿಗೆ ಹೊತ್ತ ಹೊರೆಯನ್ನು ಯಾರೋ ಇಳಿಸಿದಂತಾಯಿತಂತೆ. ಆಗ ಅದು ಸುಳ್ಳಾಗಿರಲಿಲ್ಲ.

ಮದುವೆಯಾದ ಮೇಲೆ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಫೋನಿನಲ್ಲಿ, ನೆಂಟರ ಮನೆಯಲ್ಲಿ ಎಲ್ಲ ಕಡೆ ಅಣ್ಣನೇ ಅವಳ ಬಾಯಿ. ತೊಂದರೆ ಏನೆಂದರೆ, ಅವನು ಅರ್ಧ ಸಲ ತಪ್ಪು ಹೇಳುತ್ತಿದ್ದ. ಬಟ್ಟೆ ಅಂಗಡಿಯಲ್ಲಿ ಅವಳು ಬಣ್ಣ ಹೇಳಲು ಬಾಯಿ ತೆರೆದರೆ ಇವನು "ನೀಲಿ, ನೀಲಿ ತೋರ್ಸಿ" ಅನ್ನುತ್ತಿದ್ದ. ಅವಳಿಗೆ ಬೇಕಾದದ್ದು ನೇರಳೆ. ಆದರೆ ತಪ್ಪನ್ನು ತಿದ್ದಬೇಕೆಂದರೆ ಮತ್ತೆ ಮೊದಲಿಂದ ಬಾಯಿ ತೆರೆಯಬೇಕಲ್ಲ. ಅದಕ್ಕಿಂತ ನೀಲಿಯೇ ವಾಸಿ ಎಂದು ತಲೆ ಆಡಿಸಿಬಿಡುತ್ತಿದ್ದಳು. ಅವಳ ಬೀರು ತುಂಬ ನೀಲಿ. ನೀಲಿ ಅಂದರೆ ಅವಳಿಗೆ ಪ್ರಾಣ ಎಂದು ನಾನು ಹುಟ್ಟುಹಬ್ಬಕ್ಕೂ ನೀಲಿಯದನ್ನೇ ಕೊಡುತ್ತಿದ್ದೆ. ಒಮ್ಮೆ ಎಡಭುಜ ನೋಯುತ್ತಿದೆ ಎಂದು ಡಾಕ್ಟರ ಹತ್ತಿರ ಹೋದಳು. ಪಾಲಿಶ್ ಯಂತ್ರದ ಮುಂದೆ ದಿನವಿಡೀ ಕೈ ಎತ್ತಿ ಕೂರುವವಳಿಗೆ ಬರುವ ನೋವೇ ಅದು. ಅವಳು "ಎ..." ಎನ್ನುವಷ್ಟರಲ್ಲಿ ಅಣ್ಣ "ಎದೆನೋವು ಡಾಕ್ಟ್ರೇ" ಎಂದ. ಮೈಗೆಲ್ಲ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಅತ್ತಿಗೆ ತುಟಿ ಪಿಟಿಕ್ ಎನ್ನದೆ ಮಲಗಿದ್ದಳು. ಈ ಕತೆಯನ್ನು ಅಣ್ಣ ನಗುನಗುತ್ತಾ ಎಲ್ಲರಿಗೂ ಹೇಳುತ್ತಿದ್ದ. ನಾವೂ ನಗುತ್ತಿದ್ದೆವು. ಅವಳೂ ನಗುತ್ತಿದ್ದಳು, ಅದಕ್ಕೇ ನಮಗೆ ಏನೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಒಂದು ರಜೆಯ ದಿನ. ಅಣ್ಣನ ಕೂದಲು ಕತ್ತರಿಸಲು ಅವರ ಮನೆಗೆ ಹೋಗಿದ್ದೆ. ಹಜಾರದ ನಡುವೆ ಕುರ್ಚಿ ಹಾಕಿ, ಅವನ ಕತ್ತಿಗೆ ಹಳೆಯ ಬೆಡ್‌ಶೀಟು ಕಟ್ಟಿ, ಒಂದು ಪಕ್ಕ ಮುಗಿಸಿದ್ದೆ. ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಅವನ ಎದುರು ನಿಂತಳು.

"ರೀ, ನನಗೆ ಬೇ..."

"ಬೇಜಾರಾಗಿದ್ಯಾ? ಸಂಜೆ ಹೊರಗೆ ಹೋಗೋಣ ಬಿಡು" ಎಂದ ಅಣ್ಣ.

ಅತ್ತಿಗೆ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ನನ್ನ ಕತ್ತರಿ ನಿಂತಿತು. ಅವಳು ಇಲ್ಲ ಎಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಬೇ..."

"ಬೇರೆ ಕೆಲಸ ನೋಡ್ಬೇಕು ಅಂತಿದ್ಯಾ? ಆ ಲ್ಯಾಬಿನ ಧೂಳಿಗೆ ನಾನೇ ಹೇಳೋಣ ಅಂತಿದ್ದೆ."

ಮತ್ತೆ ತಲೆ ಅಲ್ಲಾಡಿಸಿದಳು. ಮುಖ ಕೆಂಪಗಾಗಿತ್ತು. ಅಣ್ಣ ಮೂರನೇ ಸಲ ಏನೋ ಹೇಳಿದ, ಅದೂ ಅಲ್ಲ. ಅವನು ನಾಲ್ಕನೆಯದಕ್ಕೆ ಬಾಯಿ ತೆರೆದಾಗ ಅವಳು ಕೈ ಎತ್ತಿ ತಡೆದಳು. ಹಾಗೇ ಕೈ ಎತ್ತಿಕೊಂಡು ನಿಂತಿದ್ದಳು, ಮಾತು ಬರುವವರೆಗೂ.

"ಬೇರೆ ಇರ್ಬೇಕು ನಾನು. ನಿ... ನಿಮ್ಮ ಮೇಲೆ ಕೋಪ ಇಲ್ಲ. ನನ್ನ ಮಾತೇ ನನಗೆ ಕೇ... ಕೇಳಿಸ್ದೆ ವರ್ಷಗಳಾಯ್ತು. ವಿಚ್ಛೇದನ ತಗೊಳ್ಳೋಣ."

ಬೆಡ್‌ಶೀಟಿನೊಳಗೆ ಕೂತಿದ್ದ ಅಣ್ಣನಿಗೆ ಎದ್ದು ಹೋಗಲೂ ಆಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಶೀಟು ಕಿತ್ತೆಸೆದು ಹೊರಗೆ ಹೋದ. ಒಂದು ಪಕ್ಕ ಕತ್ತರಿಸಿದ, ಇನ್ನೊಂದು ಪಕ್ಕ ಕತ್ತರಿಸದ ತಲೆಯಲ್ಲೇ ಒಂದು ವಾರ ಕಾರು ಕಲಿಸಿದ. ಮುಖ ಊದಿಸಿಕೊಂಡ, ಊಟ ಬಿಟ್ಟ, ನನ್ನ ಅಂಗಡಿಗೆ ಬಂದು ಕೂತು "ನಾನು ಹೊಡ್ದಿಲ್ಲ, ಬೈದಿಲ್ಲ, ಕುಡ್ದಿಲ್ಲ. ಅವಳಿಗೆ ಕಷ್ಟ ಆಗ್ಬಾರ್ದು ಅಂತ ಹೇಳ್ತಿದ್ದೆ, ಅಷ್ಟೇ ಕಣೇ" ಎಂದು ಕಣ್ಣೀರಿಟ್ಟ.  ಆಮೇಲೆ ಅವನೇ ಮೂಗೊರೆಸಿಕೊಂಡು ಹೇಳಿದ: "ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ಬಾಯಿಬಿಟ್ಟು ಏನೋ ಕೇಳಿದಾಳೆ. ಇಲ್ಲ ಅಂತ ಹೆಂಗೆ ಅನ್ಲಿ?"

ಇಬ್ಬರೂ ಒಪ್ಪಿ, ಮಕ್ಕಳಿಲ್ಲದೆ, ಹಂಚಿಕೊಳ್ಳಲು ಜಗಳವಿಲ್ಲದೆ ಬೇರೆಯಾಗುವವರಿಗೆ ಒಂದು ಸುಲಭದ ದಾರಿ ಇದೆ. ಇಬ್ಬರೂ ಸೇರಿ ಒಂದೇ ಅರ್ಜಿ ಹಾಕುವುದು. ವಕೀಲರು ಬೇಡ, ಸಾಕ್ಷಿ ಬೇಡ. ಕೆಲವು ತಿಂಗಳು ಕಾಯಬೇಕು, ಮನಸ್ಸು ಬದಲಾಗದಿದ್ದರೆ ಒಂದು ದಿನ ನ್ಯಾಯಾಧೀಶರ ಮುಂದೆ ಹೋಗಿ ನಿಲ್ಲಬೇಕು, ಆಯಿತು. ಅರ್ಜಿ ಕೊಡುವ ದಿನ ನಾನೂ ಜೊತೆಗೆ ಹೋದೆ. ಮದುವೆ ಮಾಡಿಸಿದವರು ಎಷ್ಟೋ ಜನ, ಇದಕ್ಕೆ ಬರುವವರು ಯಾರೂ ಇರಲಿಲ್ಲ.

ಕಚೇರಿಯ ಹಜಾರದಲ್ಲಿ ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ದಾರದಿಂದ ಕಟ್ಟಿಟ್ಟ ಪೆನ್ನು, ಗಾಜಿನ ಹಿಂದೆ ಒಬ್ಬ ಗುಮಾಸ್ತ. ಅರ್ಜಿಯಲ್ಲಿ ಗಂಡನದು ಒಂದು ಭಾಗ, ಹೆಂಡತಿಯದು ಒಂದು ಭಾಗ. ಅತ್ತಿಗೆ ತನ್ನ ಕನ್ನಡಕ ಹುಡುಕುತ್ತಿದ್ದಳು. ಅಷ್ಟರಲ್ಲಿ ಅಣ್ಣ ದಾರದ ಪೆನ್ನು ಎಳೆದುಕೊಂಡು ಎರಡೂ ಭಾಗ ತುಂಬಿಸಿಬಿಟ್ಟ. ಅವಳ ವಯಸ್ಸು, ಕೆಲಸ, ಬೇರೆಯಾಗಲು ಅವಳ ಕಾರಣ, ಎಲ್ಲ ಅವನ ಅಕ್ಷರದಲ್ಲಿ. ಬರೆಯಲು ಅವಳಿಗೇನು ಉಗ್ಗೇ? ಅವನ ಕೈ ತಡೆಯುವಷ್ಟರಲ್ಲಿ ಮುಗಿದೇ ಹೋಗಿತ್ತು. ಅವಳು ನನ್ನ ಕಡೆ ಒಂದು ನೋಟ ನೋಡಿ ಸಹಿ ಹಾಕಿದಳು.

ಗುಮಾಸ್ತ ಕಾಗದ ತಿರುವಿ ಹಾಕಿ ಹೇಳಿದ: "ಜಡ್ಜ್ ಮೇಡಂ ಇಬ್ಬರನ್ನೂ ಬೇರೆ ಬೇರೆ ಕೇಳ್ತಾರೆ. ಸ್ವಂತ ಇಷ್ಟದಿಂದ ಬಂದಿದ್ದೀರಾ, ಮತ್ತೆ ಒಂದಾಗೋ ಯೋಚ್ನೆ ಇದೆಯಾ ಅಂತ. ಬಾಯಿಬಿಟ್ಟು ಹೇಳ್ಬೇಕು. ಒಬ್ಬರು ಹಿಂಜರಿದ್ರೂ ಅರ್ಜಿ ಬಿದ್ದುಹೋಗುತ್ತೆ."

ಅಣ್ಣ ಬಿಳಿಚಿಕೊಂಡು "ಇವಳಿಗೆ ಸ್ವಲ್ಪ ಮಾತಿನ ತೊಂದ್ರೆ" ಎಂದ.

"ಹಾಗಿದ್ರೆ ಬರೆದು ಕೊಡೋದಕ್ಕೆ ಅವಕಾಶ ಇದೆ, ಕೇಳ್ಕೊಳ್ಳಿ."

ಅತ್ತಿಗೆ ತಲೆ ಅಲ್ಲಾಡಿಸಿದಳು. ಬೇಡ.

ಅವಳು ಲ್ಯಾಬಿನ ಹತ್ತಿರವೇ, ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆಗೆ ಹೋದಳು. ಒಂದು ಮಂಚ, ಒಂದು ಒಲೆ, ಬೀದಿಗೆ ತೆರೆಯುವ ಕಿಟಕಿ. ನಾನು ವಾರಕ್ಕೊಮ್ಮೆ ಹೋಗಿ ಅದೇ ಮಾತು ಎತ್ತುತ್ತಿದ್ದೆ: ಬರೆದು ಕೊಡು, ಯಾಕೆ ಹಟ, ಅಲ್ಲಿ ನಿಂತು ಮಾತು ಬರದೇ ಹೋದರೆ ಏನು ಗತಿ? ನನ್ನ ಬಾಯಿ ತಡೆಯುವುದಿಲ್ಲ, ಹತ್ತು ಸಲ ಕೇಳಿರಬೇಕು. ಒಂದು ದಿನ ಅವಳು ನೆನೆಸಿದ ಬಟ್ಟೆ ಹಿಂಡುತ್ತ ನಿಧಾನವಾಗಿ ಹೇಳಿದಳು.

"ಬರೆದು ಕೊಟ್ರೆ ಅ... ಅದನ್ನ ಬೇರೆಯವ್ರು ಓದ್ತಾರೆ. ಮತ್ತೆ ಬೇರೆಯವ್ರ ಬಾಯಲ್ಲೇ ಆಗುತ್ತೆ. ಮ... ಮದುವೆ ದಿನಾನೂ ನಾನು ಒಂದ್ ಮಾತಾಡ್ಲಿಲ್ಲ ಕಣೇ. ಇದಾದ್ರೂ ನನ್ನ ಬಾಯಿಂದಲೇ ಬರ್ಲಿ."

ನಾನು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡೆ.

ಕರೆದ ದಿನ ಬಂತು. ಸಿನಿಮಾದ ಕೋರ್ಟಿನ ಹಾಗೆ ದೊಡ್ಡ ಹಾಲು ಗೀಲು ಏನಿಲ್ಲ. ಒಂದು ಸಾಮಾನ್ಯ ಕೋಣೆ, ಉದ್ದನೆಯ ಮೇಜು, ಆಚೆ ನ್ಯಾಯಾಧೀಶರು, ಈಚೆ ಎರಡು ಕುರ್ಚಿ, ನೋಡುವವರಿಗೆ ಹಿಂದೆ ಒಂದು ಬೆಂಚು. ನ್ಯಾಯಾಧೀಶರು ನನ್ನ ವಯಸ್ಸಿನ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಬಾಗಿಲಾಚೆ ಇನ್ನೂ ನಾಲ್ಕು ಜೋಡಿ ಕಾಯುತ್ತಿದ್ದವು. ಅಣ್ಣನನ್ನು ಮೊದಲು ಕೇಳಿದರು. ಅವನು ಪಟಪಟ ಹೇಳಿ ಮುಗಿಸಿದ. ಆಮೇಲೆ ಅತ್ತಿಗೆಯ ಕಡೆ ತಿರುಗಿದರು.

"ನಿಮ್ಮ ಸ್ವಂತ ಇಷ್ಟದಿಂದ ಈ ಅರ್ಜಿಗೆ ಸಹಿ ಹಾಕಿದ್ದೀರಾ?"

ಅತ್ತಿಗೆ ಬಾಯಿ ತೆರೆದಳು. ದವಡೆ ಬಿಗಿಯಿತು.   ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅಣ್ಣನ ಕತ್ತು ಮತ್ತು ಅವನ ಬಲಗಾಲು. ಕಾಲು ನೆಲವನ್ನು ಒತ್ತುತ್ತಿತ್ತು. ಬೇಡ ಅಣ್ಣ, ಬೇಡ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ನ್ಯಾಯಾಧೀಶರು ಪೆನ್ನಿನ ತುದಿಯಿಂದ ಮೇಜು ಕುಟ್ಟಿದರು. ಅಷ್ಟೇ ಸಾಕಾಯಿತು.

"ಹೌದು ಮೇಡಂ, ಹೌದು ಅಂತ ಹೇಳ್ತಿದಾಳೆ. ಅವಳ ಇಷ್ಟದಿಂದಲೇ ಹಾಕಿದ್ದು."

ಅತ್ತಿಗೆ ಬಾಯಿ ಮುಚ್ಚಿಕೊಂಡಳು.

"ನಾನು ನಿಮ್ಮನ್ನ ಕೇಳಿಲ್ಲ" ಎಂದರು ನ್ಯಾಯಾಧೀಶರು. ಕಾಗದ ತಿರುವಿ ನೋಡಿದರು, ಮತ್ತೆ ತಿರುವಿದರು. "ಅರ್ಜಿ ತುಂಬಿದ್ದು ಯಾರು? ಎರಡೂ ಕಡೆ ಒಂದೇ ಅಕ್ಷರ ಇದೆ."

"ನಾನೇ ಮೇಡಂ. ಅವಳಿಗೆ ಸುಲಭ ಆಗ್ಲಿ ಅಂತ..."

"ಬೇರೆ ಆಗೋದಕ್ಕೆ ಅವರ ಕಾರಣವನ್ನೂ ನೀವೇ ಬರೆದಿರಾ?"

ಅಣ್ಣ ಹೌದೆಂದು ತಲೆ ಆಡಿಸಿದ. ಆ ಮುಖ ನೋಡಿದರೆ ಯಾರಿಗಾದರೂ ಅನುಮಾನ ಬರಬೇಕು. ಹೆಂಡತಿಯ ಬಾಯಿಗೆ ಬೀಗ ಹಾಕಿ, ಹೆದರಿಸಿ ಸಹಿ ಹಾಕಿಸಿಕೊಂಡು ಬಂದವನ ಹಾಗೆ ಕಾಣುತ್ತಿದ್ದ. ನಾನು ಬೆಂಚಿನಿಂದ ಅರ್ಧ ಎದ್ದೆ. ಬಾಗಿಲಲ್ಲಿದ್ದ ಜವಾನ ಕೆಕ್ಕರಿಸಿ ನೋಡಿದ ಮೇಲೆ ಕೂತೆ.

ನ್ಯಾಯಾಧೀಶರು ಕನ್ನಡಕ ತೆಗೆದರು. "ಮುಂದಿನ ತಾರೀಖಿಗೆ ಬನ್ನಿ. ಇನ್ನು ಕಾಗದ ಬೇಡ, ಈ ಕಾಗದ ನೋಡಿಯೇ ನನಗೆ ಸಾಕಾಗಿದೆ. ಅವತ್ತು ಈಯಮ್ಮ ತಾವಾಗಿ ಹೇಳ್ಬೇಕು. ನಡುವೆ ನೀವು ಒಂದು ಮಾತಾಡಿದ್ರೂ ಅರ್ಜಿ ವಜಾ. ಆಮೇಲೆ ಬೇಕಾದ್ರೆ ಮಾಮೂಲಿ ಕೇಸು ಹಾಕೊಳ್ಳಿ."

ಮಾಮೂಲಿ ಕೇಸು ಎಂದರೆ ಏನೆಂದು ಗುಮಾಸ್ತ ಹೊರಗೆ ವಿವರಿಸಿದ. ವಕೀಲರು, ಸಾಕ್ಷಿ, ವರ್ಷಗಟ್ಟಲೆ ಅಲೆದಾಟ. ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾರೆ, ಗಂಟೆಗಟ್ಟಲೆ. ಅತ್ತಿಗೆಯನ್ನು ಆ ಕಟಕಟೆಯಲ್ಲಿ ಊಹಿಸಿಕೊಳ್ಳಲೂ ನನಗೆ ಆಗಲಿಲ್ಲ. ಬರೆದು ಕೊಡುವ ದಾರಿಯನ್ನೂ ಅಣ್ಣನೇ ಮುಚ್ಚಿದ್ದ. ಪಿತ್ತ ನೆತ್ತಿಗೇರಿ, ಹಜಾರದಲ್ಲಿ ಜನ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಅವನಿಗೆ ಬಾಯಿಗೆ ಬಂದಂತೆ ಬೈದೆ.

ಅವನು ಅತ್ತಿಗೆಯ ಮುಂದೆ ಕೈ ಚೆಲ್ಲಿ ನಿಂತ. "ನೀನು ಕಷ್ಟಪಡೋದನ್ನ ನೋಡಕ್ಕಾಗ್ಲಿಲ್ಲ ನಂಗೆ."

ಅತ್ತಿಗೆಯ ಕಣ್ಣು ಕೆಂಡವಾಗಿತ್ತು. ಅವಳಿಗೆ ಕೋಪ ಬಂದರೆ ಮಾತು ಇನ್ನೂ ನಿಧಾನ. ನಾವಿಬ್ಬರೂ ಕಾದೆವು.

"ಕಷ್ಟ ನಿ... ನಿಮಗೆ. ನನಗಲ್ಲ. ನನಗೆ ಸಿಕ್ಕಿಕೊಳ್ಳೋದು ಅಭ್ಯಾಸ. ನೀವು ಸುಮ್ನೆ ಇ... ಇರೋದೊಂದೇ ನನಗೆ ಬೇಕಾಗಿದ್ದು. ಅದೊಂದು ಮಾತ್ರ ನಿಮ್ಮ ಕೈಲಿ ಆಗ್ಲಿಲ್ಲ."

ಅವಳು ಬಸ್ಸು ಹತ್ತಿ ಲ್ಯಾಬಿಗೆ ಹೋದಳು. ಅಣ್ಣ ನಿಂತಲ್ಲೇ ನಿಂತಿದ್ದ.

ಮುಂದಿನ ತಾರೀಖಿನವರೆಗೆ ಅಣ್ಣ ಬಾಲ ಸುಟ್ಟ ಬೆಕ್ಕಿನ ಹಾಗೆ ತಿರುಗಿದ. ಸುಮ್ಮನಿರುವುದನ್ನು ಕಲಿಯುತ್ತೇನೆ ಎಂದು ಹೊರಟ. ನನ್ನ ಅಂಗಡಿಯ ಮೂಲೆಯಲ್ಲಿ ಕೂತು, ನನ್ನ ಗಿರಾಕಿಗಳು ಹೇಳುವುದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳುತ್ತೇನೆ ಎಂದ, ಮೊದಲ ಗಿರಾಕಿ "ಮುಂದೆ ಸ್ವಲ್ಪ..." ಎನ್ನುವಷ್ಟರಲ್ಲಿ "ಚಿಕ್ಕದು ಮಾಡಮ್ಮ" ಎಂದುಬಿಟ್ಟ. ಓಡಿಸಿದೆ. ಕಾರಿನಲ್ಲಿ ಕಲಿಯುವವರ ಪಕ್ಕ ಕಾಲು ಮಡಚಿಕೊಂಡು ಕೂರಲು ಶುರುಮಾಡಿದ. ಬ್ಯಾಂಕಿನ ಕ್ಯಾಷಿಯರ್ ಹೆಂಗಸೊಬ್ಬಳು ಬ್ರೇಕ್ ಮೇಷ್ಟ್ರು ಬ್ರೇಕು ಹಾಕಿಯೇ ಹಾಕುತ್ತಾರೆ ಎಂಬ ಧೈರ್ಯದಲ್ಲಿ ಹೋಗಿ ಕಸದ ತೊಟ್ಟಿಗೆ ಗುದ್ದಿದಳು. ಡ್ರೈವಿಂಗ್ ಶಾಲೆಯ ಯಜಮಾನ ಅವನನ್ನು ಕರೆದು ಹುಷಾರಿಲ್ವಾ ಎಂದು ಕೇಳಿದನಂತೆ. ಬೇರೆ ಹೊತ್ತಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಈಗ ನಗು ಬರಲಿಲ್ಲ. ಅಣ್ಣ ತೆಳ್ಳಗಾಗಿದ್ದ, ಮಾತಿನ ನಡುವೆ ಮರೆತು ನಿಲ್ಲುತ್ತಿದ್ದ. ಸೋದರಿಯಾಗಿ ನನಗೆ ಅವನ ಚಿಂತೆ, ಅತ್ತಿಗೆಯ ಗೆಳತಿಯಾಗಿ ಅವಳ ಚಿಂತೆ. ಇಬ್ಬರ ನಡುವೆ ಸಿಕ್ಕಿ ನನ್ನ ಊಟ ನಿದ್ದೆ ಎರಡೂ ಹಾಳಾದವು.

ಅತ್ತಿಗೆ ಮಾತ್ರ ಯಾವ ಅಭ್ಯಾಸವನ್ನೂ ಮಾಡಲಿಲ್ಲ. ಕನ್ನಡಿ ಮುಂದೆ ನಿಂತು ನಾಲ್ಕು ಸಲ ಹೇಳಿ ನೋಡು ಎಂದರೆ, ಅಭ್ಯಾಸ ಮಾಡಿದಷ್ಟೂ ಮಾತು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎಂದಳು. ತನ್ನ ಪಾಡಿಗೆ ಲ್ಯಾಬಿಗೆ ಹೋಗಿ ಹಲ್ಲು ಕಟ್ಟಿದಳು. ಆದರೆ ಒಂದು ದಿನ ಕೋಣೆಗೆ ಹೋದಾಗ ಅವಳ ತುಟಿ ಒಳಗಡೆ ಕಚ್ಚಿ ಕಚ್ಚಿ ಹುಣ್ಣಾಗಿದ್ದು ಕಂಡಿತು. ಹೆದರಿಕೆ ಅವಳಿಗೂ ಇತ್ತು. ಹೇಳಿಕೊಳ್ಳಲಿಲ್ಲ, ಅಷ್ಟೇ.

ಎರಡನೇ ಸಲ ಅದೇ ಕೋಣೆ, ಅದೇ ಬೆಂಚು. ಹೊರಗೆ ಮಗುವೊಂದು ಒಂದೇ ಸಮನೆ ಅಳುತ್ತಿತ್ತು. ಅಣ್ಣ ಒಳಗೆ ಬರುವ ಮುಂಚೆಯೇ ಕರವಸ್ತ್ರ ಮಡಚಿ ಬಾಯಿಗೆ ಒತ್ತಿಕೊಂಡಿದ್ದ, ನೆಗಡಿ ಬಂದವನ ಹಾಗೆ. ನ್ಯಾಯಾಧೀಶರು ಅವನನ್ನು ನೋಡಿ "ಕಳೆದ ಸಲ ಹೇಳಿದ್ದು ನೆನಪಿದೆಯಲ್ಲ?" ಎಂದರು. ಅವನು ತಲೆ ಆಡಿಸಿದ. ಅವರು ಅತ್ತಿಗೆಯ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು.

ಅತ್ತಿಗೆ ಎದ್ದು ನಿಂತಳು. ಕೂತೇ ಹೇಳಬಹುದಿತ್ತು, ನಿಂತಳು. ಬಾಯಿ ತೆರೆದಳು.

ಬರಲಿಲ್ಲ.

ನಾನು ಅವಳ ಎಷ್ಟೋ ಮಾತುಗಳಿಗೆ ಕಾದಿದ್ದೇನೆ, ಆದರೆ ಅಂಥ ಸಿಕ್ಕನ್ನು ನೋಡಿರಲಿಲ್ಲ. ಕತ್ತಿನ ನರಗಳು ಹುರಿಗಟ್ಟಿದವು. ಕಣ್ಣು ಮುಚ್ಚಿಕೊಂಡಿತು. ಮೇಜಿನ ಅಂಚು ಹಿಡಿದಿದ್ದ ಬೆರಳುಗಳು ಬೆಳ್ಳಗಾದವು. ಜವಾನ ನೆಲ ನೋಡತೊಡಗಿದ. ಟೈಪು ಮಾಡುತ್ತಿದ್ದ ಹುಡುಗಿ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅಣ್ಣನ ಕರವಸ್ತ್ರ ಮುದ್ದೆಯಾಗುತ್ತಿತ್ತು.  ಇನ್ನೇನು ಅವನು ಬಾಯಿ ಬಿಡುತ್ತಾನೆ, ಇನ್ನೇನು ಬಿಟ್ಟ, ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅವನು ಬಿಡಲಿಲ್ಲ.

ಸೋತದ್ದು ನ್ಯಾಯಾಧೀಶರು. ಅವರೂ ಮನುಷ್ಯರಲ್ಲವೇ. ಮುಂದೆ ಬಾಗಿ, ದನಿ ಮೆತ್ತಗೆ ಮಾಡಿ ಹೇಳಿದರು: "ಪರವಾಗಿಲ್ಲಮ್ಮ, ಆಯಾಸ ಮಾಡ್ಕೋಬೇಡಿ. ನಿಮ್ಮ ಇಷ್ಟದಿಂದಲೇ ಬಂದಿದ್ದೀರಿ ಅಂತ ತಾನೇ? ತಲೆ ಆಡಿಸಿಬಿಡಿ, ನಾನು ಬರೆಸ್ಕೋತೀನಿ."

ಅಯ್ಯೋ ಬದುಕಿದೆವು ಎಂದುಕೊಂಡೆ ನಾನು. ಆಡಿಸು ಅತ್ತಿಗೆ, ಒಂದು ಸಲ ತಲೆ ಆಡಿಸು, ಮುಗಿಯಿತು. ಅತ್ತಿಗೆ ಕಣ್ಣು ತೆರೆದಳು. ಬಾಯಿ ಮೆಲ್ಲಗೆ ಮುಚ್ಚಿತು. ಬಟ್ಟೆ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಮುಖದ ಮೇಲೆ ಬರುತ್ತಿತ್ತಲ್ಲ, ಆಗಲಿ ಬಿಡಿ ಎನ್ನುವ ಆ ಸಣ್ಣ ನಗು, ಅದು ಬಂತು. ಗದ್ದ ಕೆಳಗೆ ಇಳಿಯತೊಡಗಿತು.

"ಬೇಡ ಮೇಡಂ."

ಅಣ್ಣ ಎದ್ದು ನಿಂತಿದ್ದ. ಕರವಸ್ತ್ರ ಕೆಳಗೆ ಬಿದ್ದಿತ್ತು.

"ಅವಳು ಹೇಳ್ತಾ ಇದಾಳೆ. ಇನ್ನೂ ಮುಗ್ದಿಲ್ಲ. ಸ್ವಲ್ಪ ಕಾಯಿರಿ."

ಮುಗಿಯಿತು, ವಜಾ, ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಜವಾನ ಒಂದು ಹೆಜ್ಜೆ ಮುಂದೆ ಬಂದ. ನ್ಯಾಯಾಧೀಶರು ಅಣ್ಣನನ್ನು ನೋಡಿದರು. ಅಣ್ಣ ಅವರನ್ನು ನೋಡುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡು, ತನ್ನ ಕೈಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.  ನ್ಯಾಯಾಧೀಶರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕೆ ಇಟ್ಟು, ಕುರ್ಚಿಗೆ ಒರಗಿದರು.

"ಸರಿ. ನಿಧಾನವಾಗಿ ಹೇಳಿಯಮ್ಮ. ನಮಗೇನೂ ಅವಸರ ಇಲ್ಲ."

ಅತ್ತಿಗೆ ಅಣ್ಣನ ಕಡೆ ನೋಡಿದಳು. ಆಮೇಲೆ ಎದುರಿಗೆ ತಿರುಗಿ ಬಾಯಿ ತೆರೆದಳು. ಮತ್ತೆ ಸಿಕ್ಕಿತು. ಯಾರೂ ಮಾತಾಡಲಿಲ್ಲ. ಹೊರಗೆ ಮಗು ಅತ್ತು ಅತ್ತು ತಣ್ಣಗಾಯಿತು.

"ನ... ನಾನೇ ಕೇಳಿದ್ದು" ಎಂದಳು ಅತ್ತಿಗೆ. "ನನ್ನ ಇಷ್ಟದಿಂದ ಬಂದಿದ್ದೀನಿ. ಯಾರೂ ಬ... ಬಲವಂತ ಮಾಡಿಲ್ಲ. ಕಾಗದ ಅವರು ಬರೆದ್ರು, ಅದು ಅವರ ಅ... ಅಭ್ಯಾಸ. ಮತ್ತೆ ಒಂದಾಗೋದಿಲ್ಲ. ಅವರು ಕೆಟ್ಟವರಲ್ಲ ಅಂತಾನೂ ಬ... ಬರ್ಕೊಳ್ಳಿ."

ಟೈಪು ಮಾಡುವ ಹುಡುಗಿ ಕಣ್ಣೊರೆಸಿಕೊಂಡಳು. ನಾನು ಒರೆಸಿಕೊಳ್ಳಲಿಲ್ಲ, ಹರಿಯಲು ಬಿಟ್ಟೆ. ಉಳಿದದ್ದು ಬೇಗ ಆಯಿತು. ಅಣ್ಣನನ್ನು ಕೇಳಿದರು, ಅವನು ಹೌದು ಎಂದ, ಅಷ್ಟೇ ಎಂದ. ಸಹಿ, ಮೊಹರು. ಗಂಡ ಹೆಂಡತಿಯಾಗಿ ಒಳಗೆ ಹೋದವರು ಏನೂ ಅಲ್ಲದವರಾಗಿ ಹೊರಗೆ ಬಂದರು.

ಹೊರಗಿನ ಮೆಟ್ಟಿಲ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ಮೂವರೂ ನಿಂತೆವು. ಅತ್ತಿಗೆ ಲ್ಯಾಬಿಗೆ ಹೋಗಬೇಕು, ಅಣ್ಣ ಕಲಿಸಲು ಹೋಗಬೇಕು, ನಾನು ಅಂಗಡಿ ತೆರೆಯಬೇಕು. ಯಾರಿಗೂ ಹೆಜ್ಜೆ ಏಳಲಿಲ್ಲ. ಅತ್ತಿಗೆ ಅಣ್ಣನ ಎದುರಿಗೆ ಬಂದು ಬಾಯಿ ತೆರೆದಳು. ಅಣ್ಣ ಕಾದ. ಕಣ್ಣು ಬೇರೆಡೆ ತಿರುಗಿಸದೆ, ತುಟಿ ಅಲ್ಲಾಡಿಸದೆ, ಕಾಲು ಒತ್ತದೆ ಕಾದ.

"ಇ... ಇದನ್ನ" ಎಂದಳು ಅತ್ತಿಗೆ, "ಇಷ್ಟು ವರ್ಷ ಎ... ಎಲ್ಲಿ ಇಟ್ಕೊಂಡಿದ್ರಿ?"

ಅಣ್ಣ ಬಾಯಿ ತೆರೆದ. ಏನೂ ಬರಲಿಲ್ಲ. ಮುಚ್ಚಿ ಮತ್ತೆ ತೆರೆದ. ಹುಟ್ಟಿದಾಗಿನಿಂದ ನೋಡಿದ್ದೇನೆ, ಅವನಿಗೆ ಮಾತು ಸಿಗದೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಅವನ ಪರವಾಗಿ ಏನಾದರೂ ಹೇಳಿಬಿಡೋಣ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಅತ್ತಿಗೆ ನನ್ನ ಕೈ ಹಿಡಿದು ತಡೆದಳು.

ಅವಳ ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಅದರ ಕಡೆ ತಿರುಗಿಯೂ ನೋಡದೆ, ಅವನು ಹೇಳುವವರೆಗೂ ನಿಂತಿದ್ದಳು.